ಡೀಸೆಲ್ ಮಾರಿ ಹಳೇ ಆರು ಸಿಲಿಂಡರ್ ಪೆಟ್ರೋಲ್ ಕೊಂಡೆ: ಮೂರು ವರ್ಷದ ಲೆಕ್ಕ

ಪೆಟ್ರೋಲ್ ಕಾರು, ಅದೂ ಆರು ಸಿಲಿಂಡರ್, ಅದೂ ಸೆಕೆಂಡ್ ಹ್ಯಾಂಡ್. ಕೊಳ್ಳುತ್ತೇನೆ ಅಂದಾಗ ಸರಿ ಅಂದವರು ಒಬ್ಬರೂ ಇಲ್ಲ. "ಆನೆ ಸಾಕೋದಕ್ಕೆ ಹೊರಟಿದ್ದೀಯಾ?" ಅಂತ ನಮ್ಮ ಭಾವ ಕೇಳಿದರು. ವರ್ಷದೊಳಗೆ ಮತ್ತೆ ಡೀಸೆಲ್‌ಗೇ ಬರ್ತೀಯ ಅಂದರು ಗೆಳೆಯರು. ಈಗ ಮೂರು ವರ್ಷ ಆಯಿತು. ಸುಮಾರು 27 ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ಖರ್ಚಿನ ಪುಸ್ತಕ ನನ್ನ ಹತ್ತಿರ ಇದೆ. ಲೆಕ್ಕ ಗೆದ್ದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡೀಸೆಲ್ ಯಾಕೆ ಬಿಟ್ಟೆ ಅನ್ನೋದು. ಕಾರು ಕೆಟ್ಟದ್ದಾಗಿರಲಿಲ್ಲ, ನನ್ನ ಓಡಾಟ ಅದಕ್ಕೆ ಹೊಂದುತ್ತಿರಲಿಲ್ಲ. ದಿನಕ್ಕೆ ಹೋಗೋದು 6 ಕಿಲೋಮೀಟರ್, ಬರೋದು 6. ತಿಂಗಳಿಗೊಮ್ಮೆ ಒಂದು ದೂರದ ಪ್ರಯಾಣ. ಕೂಲಂಟ್ (ಇಂಜಿನ್ ಸುತ್ತ ಹರಿಯುವ ನೀರಿನಂಥ ದ್ರವ) 80 ಡಿಗ್ರಿ ಮುಟ್ಟೋದಕ್ಕೇ 8-9 ಕಿಲೋಮೀಟರ್ ಬೇಕಿತ್ತು. ಅಂದರೆ ಇಂಜಿನ್ ಬಿಸಿ ಆಗುವ ಮೊದಲೇ ನಾನು ಆಫ್ ಮಾಡುತ್ತಿದ್ದೆ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಆ ಮಸಿ ಸುಟ್ಟು ಸ್ವಚ್ಛ ಆಗಬೇಕಾದರೆ ಒಳಗೆ 600 ಡಿಗ್ರಿಯಷ್ಟು ಬಿಸಿ ಏರಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು. ನನ್ನದು ಶುರುವಾಗುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ಹೀಗೆ ನಿಂತಾಗಲೆಲ್ಲ, ಮಸಿ ಸುಡೋದಕ್ಕೆ ಅಂತ ಹೆಚ್ಚಿಗೆ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಒಂದು ದಿನ ಡಿಪ್‌ಸ್ಟಿಕ್ ತೆಗೆದು ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ! ನಾನು ಒಂದು ಹನಿಯೂ ಹಾಕಿರಲಿಲ್ಲ. ಮೂಸಿದರೆ ಡೀಸೆಲ್ ವಾಸನೆ. ಅವತ್ತೇ ಮಾರಬೇಕು ಅಂತ ತೀರ್ಮಾನ ಮಾಡಿದೆ.

ದುಡ್ಡಿನ ವಿಷಯ ಭಾಗದ ಲೆಕ್ಕದಲ್ಲಿ ಹೇಳುತ್ತೇನೆ. ಡೀಸೆಲ್ ಮಾರಿ ಬಂದ ದುಡ್ಡನ್ನು 100 ಅಂತ ಇಟ್ಟುಕೊಳ್ಳಿ. ಕೊನೆಯ ಎರಡು ವರ್ಷ ಆ ಕಾರಿನ ರಿಪೇರಿಗೆ ವರ್ಷಕ್ಕೆ ಹತ್ತಿರ ಹತ್ತಿರ 14 ಹೋಗಿತ್ತು. ಡಿಪಿಎಫ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೇ ಕಳಿಸುವ ವಾಲ್ವ್), ಡೀಸೆಲ್ ಸಿಂಪಡಿಸುವ ಎರಡು ಇಂಜೆಕ್ಟರ್, ಕೊನೆಗೆ ಕ್ಲಚ್ ಪಕ್ಕದ ಡ್ಯುಯಲ್ ಮಾಸ್ ಫ್ಲೈವೀಲ್. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಎಲ್ಲರ ಕಣ್ಣೂ ಮೈಲೇಜ್ ಮೇಲೆ.

ಹುಡುಕೋದಕ್ಕೆ ಐದು ತಿಂಗಳು ಹಿಡಿಯಿತು. ನನಗೆ ಬೇಕಾಗಿದ್ದು ಇನ್‌ಲೈನ್ ಆರು (ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ), ಟರ್ಬೊ ಇಲ್ಲದ್ದು, ಪೋರ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಹಿಂದೆ ಬೀಳುವಂಥದ್ದು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಆದರೆ ಇನ್‌ಟೇಕ್ ವಾಲ್ವ್ ಹಿಂದೆ ಕಾರ್ಬನ್ ಕೂರುತ್ತದೆ, ತೊಳೆಯೋಕೆ ಅಲ್ಲಿ ಪೆಟ್ರೋಲ್ ಬೀಳೋದೇ ಇಲ್ಲ. ಮಸಿಯ ಕಾಟ ಸಾಕಾಗಿಯೇ ಡೀಸೆಲ್ ಬಿಟ್ಟವನು ಮತ್ತೆ ಯಾಕೆ ಅದನ್ನು ಕಟ್ಟಿಕೊಳ್ಳಲಿ?

ಮೊದಲು ಮೋಸ ಹೋಗಿದ್ದು ಒಂದು ವಿ6ನಲ್ಲಿ (ಮೂರು ಮೂರು ಸಿಲಿಂಡರ್ ವಿ ಆಕಾರದಲ್ಲಿ ಇರುವಂಥದ್ದು). ನೋಡೋಕೆ ಹೋದಾಗ ಇಂಜಿನ್ ಆಗಲೇ ಬಿಸಿ ಇತ್ತು. "ಈಗ ತಾನೇ ಒಂದು ರೌಂಡ್ ಹೋಗಿ ಬಂದೆ ಸಾರ್" ಅಂದರು ಮಾರುವವರು. ನಂಬಿದೆ, ಮುಂಗಡ ಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಹೇಳದೆ ಕೇಳದೆ ಹೋದೆ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಚೈನ್ ಮೂರು ನಾಲ್ಕು ಸೆಕೆಂಡ್ ಗಲಗಲ ಅಂತು. ಮುಂಗಡ ಬಿಟ್ಟು ಬಂದೆ. ಅದು 2 ಭಾಗ, ಸುಮ್ನೆ ಹೋಯಿತು. ಅಲ್ಲಿಂದ ಮುಂದೆ ನನ್ನ ಮೊದಲ ಕೆಲಸ ಬಾನೆಟ್ ಮೇಲೆ ಕೈ ಇಡೋದು. ಬಿಸಿ ಇದ್ದರೆ ವಾಪಸ್. ತಣ್ಣಗಿದ್ದಾಗ ಸ್ಟಾರ್ಟ್ ಆದ ಮೊದಲ ಹತ್ತು ಸೆಕೆಂಡಿನಲ್ಲಿ ಇನ್ನೊಂದು ವಿಷಯ ನೋಡುತ್ತೇನೆ, ಇಡೀ ಕಾರಿನ ಜಾತಕ ಅದರಲ್ಲೇ ಸಿಗುತ್ತದೆ. ಅದು ಏನು ಅಂತ ಸದ್ಯಕ್ಕೆ ಹೇಳೋದಿಲ್ಲ. ತಮ್ಮನಿಗೂ ಒಂದು ಕಾರು ಹುಡುಕುತ್ತಿದ್ದೇನೆ.

ಕೊನೆಗೆ ಸಿಕ್ಕಿದ್ದು 3 ಲೀಟರ್ ಇನ್‌ಲೈನ್ ಆರು, 1,18,000 ಓಡಿದ್ದು, ಮೊದಲಿನಿಂದ ಎಲ್ಲ ಸರ್ವಿಸ್ ಬಿಲ್ ಇದ್ದದ್ದು. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನಾನೇ ನಿಂತು ನೋಡಿಸಿದೆ. ಐದು ಸಿಲಿಂಡರ್ 12 ಬಾರ್ ಆಸುಪಾಸು, ಒಂದು 11.4. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತ ಯಾರೂ ಮುಟ್ಟಿರಲಿಲ್ಲ, ತಿಂಗಳುಗಟ್ಟಲೆ ನಿಂತಿತ್ತು. 62 ಭಾಗಕ್ಕೆ ಬಂತು. ಉಳಿದ 38ರಲ್ಲಿ 20 ಬೇರೆ ಎತ್ತಿಟ್ಟೆ, ಮೊದಲ ನಾಲ್ಕು ತಿಂಗಳ ರಿಪೇರಿಗೆ ಅಂತಲೇ. ನನ್ನ ವಿಧಾನ ಅಂತ ಏನಾದರೂ ಇದ್ದರೆ ಇದೇ. ಹಳೇ ಆರು ಸಿಲಿಂಡರ್ ಕೊಂಡು ಕೈ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಅವರೆಲ್ಲ ಇದ್ದ ದುಡ್ಡನ್ನೆಲ್ಲ ಕಾರಿಗೇ ಹಾಕಿ, ರಿಪೇರಿ ಬಂದಾಗ ಸಾಲ ಮಾಡಿದವರು.

ಮೂರನೇ ವಾರ ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್ ಶುರುವಾಯಿತು. ಓಬಿಡಿ (ಕಾರಿನ ಕಂಪ್ಯೂಟರಿನ ದೋಷ ಓದುವ ಸಾಧನ) ಹಾಕಿದರೆ ಮೂರನೇ ಸಿಲಿಂಡರ್ ಮಿಸ್‌ಫೈರ್, ಅಂದರೆ ಸರಿಯಾಗಿ ಉರಿಯುತ್ತಿಲ್ಲ. ಜೊತೆಗೆ ಎರಡೂ ಬ್ಯಾಂಕ್ (ಮೂರು ಮೂರು ಸಿಲಿಂಡರಿನ ಗುಂಪು) ಲೀನ್, ಅಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರಿ ಮೂರನೇ ಪ್ಲಗ್ ಗುಂಡಿಯಲ್ಲಿ ಎರಡು ಬೆರಳು ಆಯಿಲ್ ನಿಂತಿತ್ತು. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಎಳೆದರೆ ಅದರ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಅಷ್ಟು ನೋಡಿ ದುಡುಕಿದೆ. ಆರೂ ಕಾಯಿಲ್, ಆರೂ ಪ್ಲಗ್ ಹೊಸವು ಹಾಕಿಸಿದೆ. 4 ಭಾಗ. ಮೂರನೇ ಸಿಲಿಂಡರಿನ ಕಾಯಿಲನ್ನು ಐದನೇದಕ್ಕೆ ಹಾಕಿ, ಮಿಸ್‌ಫೈರ್ ಕೋಡ್ ಕೂಡ ಐದಕ್ಕೆ ಹೋಗುತ್ತಾ ಅಂತ ನೋಡಿದ್ದರೆ ಕಾಸು ಖರ್ಚಿಲ್ಲದೆ ಗೊತ್ತಾಗುತ್ತಿತ್ತು. ಅವಸರದಲ್ಲಿ ಅದನ್ನೂ ಮಾಡಲಿಲ್ಲ.

ಮಿಸ್‌ಫೈರ್ ಹೋಯಿತು, ಒರಟು ಐಡ್ಲಿಂಗ್ ಉಳಿಯಿತು. ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ನೂರಕ್ಕೆ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನೋದನ್ನ ನೋಡಿದೆ. ಐಡ್ಲಿಂಗ್‌ನಲ್ಲಿ +18, 2500 ಆರ್‌ಪಿಎಂನಲ್ಲಿ +4. ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಅಂತಾಯಿತು. ಎರಡೂ ಬ್ಯಾಂಕ್ ಒಂದೇ ಸಮ ಲೀನ್ ಇದ್ದಾಗಲೇ ಇದು ನನಗೆ ಹೊಳೆಯಬೇಕಿತ್ತು. ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿದೆ, ಒಳಗೆ ಹೊಗೆ ತುಂಬಿ ಎಲ್ಲಿ ಸೋರುತ್ತೆ ಅಂತ ನೋಡೋದು. ಟಾರ್ಚ್ ಹಿಡಿದು ಬಗ್ಗಿ ನಿಂತಿದ್ದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನಿಂದ ಊದುಬತ್ತಿ ಹೊಗೆಯ ಹಾಗೆ ಒಂದೇ ಒಂದು ಎಳೆ ಮೇಲೆದ್ದಿತು. ಕ್ರ್ಯಾಂಕ್‌ಕೇಸ್ ಬ್ರೀದರ್ ಪೈಪ್, ಇಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಕಳಿಸುವ ಕೊಳವೆ. ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಪೈಪು, ಬ್ರೀದರ್ ವಾಲ್ವ್ ಎರಡೂ ಸೇರಿ 1 ಭಾಗವೂ ಆಗಲಿಲ್ಲ. ಟ್ರಿಮ್ +2ಕ್ಕೆ ಇಳಿಯಿತು. ಅದುವರೆಗೆ 1600 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದ್ದ ಇಂಜಿನ್, ಆಮೇಲೆ 4000ಕ್ಕೆ ಒಂದು ಲೀಟರಿಗೆ ಬಂತು. ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದಿದ್ದರು ಒಬ್ಬರು!

ಎರಡನೇ ಪಾಠ ವಾಟರ್ ಪಂಪ್. ಇದರಲ್ಲಿ ಅದು ಎಲೆಕ್ಟ್ರಿಕ್. ಕೆಟ್ಟಿರಲಿಲ್ಲ, ಆದರೂ ಥರ್ಮೋಸ್ಟ್ಯಾಟ್ ಜೊತೆಗೇ ಬದಲಿಸಿದೆ. ಪಂಪ್ ದಾರಿಯಲ್ಲಿ ನಿಂತರೆ ಇಂಜಿನ್ ಕಾದು ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳದ ಭಾಗ) ಬಾಗುತ್ತದೆ, ಆಗ ಲೆಕ್ಕವೇ ಮುಗಿಯಿತು. ಬ್ಲಾಕ್ ಮೆಗ್ನೀಸಿಯಂ ಮಿಶ್ರ ಲೋಹದ್ದಾದ್ದರಿಂದ ಪಂಪಿನ ಬೋಲ್ಟ್‌ಗಳು ಅಲ್ಯೂಮಿನಿಯಂ. ಸ್ಟೀಲ್ ಹಾಕಿದರೆ ಬ್ಲಾಕನ್ನೇ ತಿನ್ನುತ್ತದೆ. ಈ ಬೋಲ್ಟ್‌ಗಳನ್ನು ಒಂದೇ ಸಲ ಬಳಸಬೇಕು ಅಂತ ಗೊತ್ತಿತ್ತು. ಒಂದು ಹೊಸ ಬೋಲ್ಟ್ ಕಡಿಮೆ ಬಿತ್ತು, ಹಳೇದನ್ನೇ ತಿರುಗಿಸಿದೆ. ಕೊನೆಯ ಕಾಲು ಸುತ್ತಿನಲ್ಲಿ ಕೈಗೆ ಸಡಿಲ ಅನ್ನಿಸಿತು. ತಲೆ ಕಿತ್ತು ಬಂದಿತ್ತು. ಒಳಗೆ ಉಳಿದ ತುಂಡು ತೆಗೆಯೋಕೆ ಅರ್ಧ ದಿನ.

ಪಂಪ್ ಬದಲಿಸಿದ ಮೇಲೆ ಕೂಲಂಟ್‌ನಲ್ಲಿ ಸಿಕ್ಕ ಗಾಳಿ ತೆಗೆಯೋದು ಈ ಇಂಜಿನ್‌ನಲ್ಲಿ ಬಹುಪಾಲು ಸುಲಭ. ಇಂಜಿನ್ ಸ್ಟಾರ್ಟ್ ಮಾಡಬೇಡಿ. ಇಗ್ನಿಷನ್ ಆನ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ, ಆಕ್ಸಿಲರೇಟರ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪಂಪ್ ತಾನೇ ಹನ್ನೆರಡು ನಿಮಿಷ ಓಡುತ್ತದೆ. ಬ್ಯಾಟರಿಗೆ ಚಾರ್ಜರ್ ಹಾಕಿರಿ. ಆಮೇಲೂ ಒಂದು ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯೋ ಉಪಾಯ ಕಂಡುಕೊಳ್ಳೋಕೆ ನನಗೆ ಮೂರು ಭಾನುವಾರ ಬೇಕಾಯಿತು, ನೀವೂ ಹುಡುಕಿ.

ಮೊದಲ ನಾಲ್ಕು ತಿಂಗಳಲ್ಲಿ ಒಟ್ಟು 19 ಖರ್ಚಾಯಿತು. ಎತ್ತಿಟ್ಟ 20ರೊಳಗೇ ನಿಂತಿತು. ಆಮೇಲಿನ ಎರಡೂವರೆ ವರ್ಷಕ್ಕೆ ಸೇರಿ 9.

ಓಡಿಸೋದನ್ನೂ ಹೊಸದಾಗಿ ಕಲಿಯಬೇಕಾಯಿತು. ಡೀಸೆಲ್ ಅಭ್ಯಾಸದಲ್ಲಿ 2000 ಆರ್‌ಪಿಎಂಗೇ ಗೇರ್ ಏರಿಸುತ್ತಿದ್ದೆ. ಪಿಕಪ್ ಇಲ್ಲವಲ್ಲ ಅಂತ ಒಂದು ತಿಂಗಳು ಬೇಜಾರು. ಒಂದು ದಿನ ಏರು ದಾರಿಯಲ್ಲಿ ಮೂರನೇ ಗೇರಲ್ಲೇ ಬಿಟ್ಟೆ. 3500 ದಾಟಿದ ಮೇಲೆ ಕಾರಿನ ಸ್ವರವೇ ಬದಲಾಯಿತು. ಇಂಜಿನ್ ಒಂದು ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನಲ್ಲಿ ಎರಡು ಹೊಡೆತ, ಇಲ್ಲಿ ಮೂರು, ಹಾಗಾಗಿ ನಡುಕ ಕಡಿಮೆ. ಐಡ್ಲಿಂಗ್‌ನಲ್ಲಿ ಇಂಜಿನ್ ಮೇಲೆ ನಾಣ್ಯ ನಿಲ್ಲಿಸಿ ಭಾವನಿಗೆ ತೋರಿಸಿದೆ. ನಾಣ್ಯ ನಿಂತಿತು, ಅವರು ಸುಮ್ಮನಾದರು.

ಮಧ್ಯೆ ಕೆಲವು ಪ್ರಯೋಗವನ್ನೂ ಮಾಡಿದೆ. 95 ಆಕ್ಟೇನ್, 98 ಆಕ್ಟೇನ್ ಪೆಟ್ರೋಲ್ ಒಂದರ ನಂತರ ಒಂದರಂತೆ ಆರು ಟ್ಯಾಂಕ್ ಹಾಕಿದೆ. ಮೈಲೇಜಿನಲ್ಲಿ ವ್ಯತ್ಯಾಸ ನೂರಕ್ಕೆ ಎರಡೋ ಮೂರೋ, ಅದೂ ನನ್ನ ಕಾಲಿನ ವ್ಯತ್ಯಾಸ ಇರಬಹುದು. ಬಿಸಿಲಲ್ಲಿ ಏರು ಹತ್ತುವಾಗ ಮಾತ್ರ 95ರಲ್ಲಿ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) 3-4 ಡಿಗ್ರಿ ಹಿಂದೆ ಸರಿಯೋದು ಓಬಿಡಿಯಲ್ಲಿ ಕಂಡಿತು. 98ರಲ್ಲಿ ಸರಿಯಲಿಲ್ಲ. ಹಾಗಾಗಿ ಊರೊಳಗೆ 95, ದೂರದ ಪ್ರಯಾಣಕ್ಕೆ 98. ಇನ್ನೊಂದು, ಬಿಸಿ ಆಗೋ ದೂರ. ಇದರ ಕೂಲಂಟ್ 4 ಕಿಲೋಮೀಟರಿಗೇ 80 ಮುಟ್ಟುತ್ತದೆ. ಆದರೆ ಆಯಿಲ್ 90ಕ್ಕೆ ಬರೋಕೆ 10-11 ಬೇಕು. ಅಲ್ಲಿವರೆಗೆ 3000 ದಾಟಿಸೋದಿಲ್ಲ.

ಈಗ ಎಲ್ಲರೂ ಕೇಳೋ ಮೈಲೇಜ್. ಊರೊಳಗೆ ಲೀಟರಿಗೆ 7. ಹೆದ್ದಾರಿಯಲ್ಲಿ 12.5. ವರ್ಷದ ಸರಾಸರಿ 9.5. ಡೀಸೆಲ್ ನನ್ನ ಓಡಾಟಕ್ಕೆ ಕೊಡುತ್ತಿದ್ದದ್ದು 13.5. ವರ್ಷಕ್ಕೆ 9 ಸಾವಿರ ಕಿಲೋಮೀಟರ್ ಅಂದರೆ ಸುಮಾರು 280 ಲೀಟರ್ ಜಾಸ್ತಿ, ದುಡ್ಡಲ್ಲಿ ವರ್ಷಕ್ಕೆ 5 ಭಾಗ. ಮೂರು ವರ್ಷಕ್ಕೆ 15. ರಿಪೇರಿ 28. ಈಗ ಮಾರಿದರೆ 50 ಬರುತ್ತದೆ, ಅಂದರೆ ಬೆಲೆ ಇಳಿದದ್ದು 12. ಎಲ್ಲ ಸೇರಿ 55, ವಿ6ಗೆ ಬಿಟ್ಟು ಬಂದ ಮುಂಗಡ 2 ಹಿಡಿದರೆ 57. ಅದೇ ಡೀಸೆಲ್ ಇಟ್ಟುಕೊಂಡಿದ್ದರೆ ಬೆಲೆಯೊಂದೇ 40ರಷ್ಟು ಇಳಿಯುತ್ತಿತ್ತು. ಅದೇ ಮಾಡೆಲ್, ಅದೇ ವರ್ಷದ ಕಾರುಗಳು ಈಗ ಹೋಗುತ್ತಿರುವ ಬೆಲೆ ನೋಡಿಯೇ ಹೇಳುತ್ತಿದ್ದೇನೆ. ರಿಪೇರಿ ಮೊದಲಿನ ಅರ್ಧವೇ ಅಂತ ಇಟ್ಟರೂ 21. ಒಟ್ಟು 61. ಇಂಜಿನ್ ಸೈಜಿನ ಮೇಲೆ ತೆರಿಗೆ ಏರುವ ಕಡೆ ಅದನ್ನೂ ಸೇರಿಸಿಕೊಳ್ಳಿ. ವರ್ಷಕ್ಕೆ 20 ಸಾವಿರ ಓಡಿಸುವವರು, ಅದೂ ಹೆದ್ದಾರಿಯಲ್ಲೇ ಜಾಸ್ತಿ ಇರುವವರು, ಡೀಸೆಲ್ ಬಿಡಬೇಡಿ. ಈ ಲೆಕ್ಕ ಅವರದ್ದಲ್ಲ.

ಸದ್ಯ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಗ್ಯಾಸ್ಕೆಟ್ ಬೆವರುತ್ತಿದೆ. ಕಾರಿನ ಮುಂಭಾಗದ ಸಬ್‌ಫ್ರೇಮ್ (ಇಂಜಿನ್ ಕೆಳಗಿನ ಚೌಕಟ್ಟು) ಇಳಿಸದೆ ಅದು ಬರೋದಿಲ್ಲ. ಹೇಗೂ ಇಳಿಸುತ್ತೇವಲ್ಲ ಅಂತ ಇಂಜಿನ್ ಮೌಂಟ್ ಎರಡನ್ನೂ ಅವತ್ತೇ ಬದಲಿಸುತ್ತೇನೆ. ಗ್ಯಾಸ್ಕೆಟ್ ತರಿಸಿಟ್ಟಾಗಿದೆ. ಬೋಲ್ಟ್ ಈ ಸಲ ನಾಲ್ಕು ಜಾಸ್ತಿಯೇ ತಂದಿದ್ದೇನೆ.