ಆರನೆಯ ಇಯತ್ತೆಗೆ ಭಿನ್ನರಾಶಿ: ಮುಂಬಯಿಯ ಕನ್ನಡ ಶಾಲೆಯಲ್ಲಿ ನಾನು ಪಾಠ ಮಾಡಿದ ಕ್ರಮ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗೆ ಬಿ.ಎಡ್. ಇಂಟರ್ನ್‌ಶಿಪ್‌ಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದು: ಪಾಠ ಯೋಜನೆಯಲ್ಲಿ ಇನ್ನೊಂದು ಅಂಕಣ ಎಳೆದು, ಮಕ್ಕಳು ಕೊಡಬಹುದಾದ ತಪ್ಪು ಉತ್ತರಗಳನ್ನು ಅಲ್ಲಿ ಬರೆದಿಟ್ಟುಕೊಳ್ಳಿ. ಕಾಲೇಜಿನ ನಮೂನೆಯಲ್ಲಿ ಉದ್ದೇಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ ಎಲ್ಲ ಇರುತ್ತದೆ. ಆದರೆ ವಿದ್ಯಾರ್ಥಿಗಳ ಅಂಕಣದಲ್ಲಿ ಎಲ್ಲರೂ ಸರಿಯುತ್ತರವನ್ನಷ್ಟೇ ಬರೆಯುತ್ತಾರೆ. ತರಗತಿಯಲ್ಲಿ ಬರುವ ಉತ್ತರ ಬೇರೆ, ಅದಕ್ಕೆ ಏನು ಮಾಡಬೇಕೆಂದು ನಿಂತಲ್ಲೇ ಯೋಚಿಸುತ್ತಾ ಹೋದರೆ 35 ನಿಮಿಷದ ಪೀರಿಯಡ್ ಮುಗಿದೇಹೋಗುತ್ತದೆ.

ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದಂತೆ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಗೆಂದು ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಆ ಮೊದಲ 4 ವಾರವನ್ನು ನಾನು ಈ ಅಂಕಣಕ್ಕಾಗಿಯೇ ಬಳಸಿದೆ. ಹಿರಿಯ ಟೀಚರು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು, ಹಲಗೆ ನೋಡುವ ಬದಲು ಅಕ್ಕಪಕ್ಕದ ನೋಟ್‌ಬುಕ್ ನೋಡಬೇಕು. ಕಂಡ ತಪ್ಪನ್ನು ಇದ್ದ ಹಾಗೇ ನಕಲು ಮಾಡಿಕೊಳ್ಳಬೇಕು. ಮಗುವಿನ ಹೆಸರು ಬೇಡ.

ಭಿನ್ನರಾಶಿ ಸಂಕಲನದಲ್ಲಿ ಖಂಡಿತ ಬರುವ ತಪ್ಪು 1/2 + 1/3 = 2/5. ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿರುತ್ತದೆ. ಪೂರ್ಣಸಂಖ್ಯೆಗಳಲ್ಲಿ ಇಷ್ಟು ವರ್ಷ ನಡೆದುಬಂದ ದಾರಿಯೇ ಅದು, ಹಾಗಾಗಿ 'ತಪ್ಪು' ಎಂದು ಅಳಿಸಿ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಹೇಳಿಕೊಟ್ಟರೆ ಮರುವಾರ ಮತ್ತೆ 2/5 ಬರುತ್ತದೆ. ಆ ಉತ್ತರ ಯಾಕೆ ಸಾಧ್ಯವಿಲ್ಲ ಎಂಬುದನ್ನು ಮಗುವೇ ಅಳೆದು ನೋಡಬೇಕು.

ಇದಕ್ಕೆ ಚಾರ್ಟ್ ಪೇಪರಿನಲ್ಲಿ 30 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. 56 × 71 ಸೆಂ.ಮೀ. ಹಾಳೆಯಲ್ಲಿ 36 ಪಟ್ಟಿ ಬರುತ್ತವೆ. ಇಬ್ಬರಿಗೆ ನಾಲ್ಕು ಪಟ್ಟಿ ಸಾಕು. 30 ಯಾಕೆಂದರೆ ಅದು 2, 3, 5, 6, 10 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಎ4 ಹಾಳೆ ಬೇಡ, ಅದರ ಉದ್ದವೇ 29.7. ಪಟ್ಟಿಯನ್ನು ಮಡಚಿಸಲೂ ಹೋಗಬೇಡಿ: ಅರ್ಧಕ್ಕೆ ಮಡಚುವುದು ಸುಲಭ, ಮೂರಕ್ಕೆ ಮಡಚಿದಾಗ ಒಂದು ಭಾಗ ದೊಡ್ಡದಾಗುತ್ತದೆ, ಆಮೇಲೆ ಉತ್ತರ ಕೂಡುವುದಿಲ್ಲ. ಸ್ಕೇಲಿಟ್ಟು ಗೆರೆ ಎಳೆಸಿ.

ಮೊದಲ ಪಟ್ಟಿ ಇಡಿಯಾಗಿ ಒಂದು. ಎರಡನೆಯದರಲ್ಲಿ 15ಕ್ಕೆ ಗೆರೆ, ಮೂರನೆಯದರಲ್ಲಿ 10ಕ್ಕೆ. ಎರಡು ತುಂಡನ್ನೂ ಕತ್ತರಿಸಿ, ಇಡೀ ಪಟ್ಟಿಯ ಮೇಲೆ ಒಂದರ ಪಕ್ಕ ಒಂದಿಟ್ಟರೆ 25ಕ್ಕೆ ಮುಟ್ಟುತ್ತದೆ. ಈಗ ನಾಲ್ಕನೆಯ ಪಟ್ಟಿಯಲ್ಲಿ ಐದು ಸಮಭಾಗ ಮಾಡಿಸಿ ಎರಡನ್ನು ಕತ್ತರಿಸಲು ಹೇಳಿ. 2/5 ಅಂದರೆ 12 ಸೆಂ.ಮೀ. ಅದನ್ನು ಅರ್ಧದ ತುಂಡಿನ ಪಕ್ಕಕ್ಕೆ ಇಟ್ಟಾಗ ಮಕ್ಕಳೇ ಹೇಳುತ್ತಾರೆ: "ಟೀಚರ್, ಇದು ಅರ್ಧಕ್ಕಿಂತಲೂ ಸಣ್ಣದಿದೆ." ಕೂಡಿಸಿದ ಮೇಲೆ ಮೊದಲಿದ್ದುದಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆ ಕೇಳಿ ಸುಮ್ಮನಿರಿ. ಇಡೀ ಪಾಠದ ಜೀವ ಇರುವುದು ಇಲ್ಲೇ. ಬೇಗ ಕೈಯೆತ್ತಿದವರಿಂದ ಉತ್ತರ ಹೇಳಿಸಿ ಮುಂದೆ ಓಡಬಾರದು.

ಇದರಾಚೆ ಎರಡು ತೊಡಕು ಬರುತ್ತವೆ. ಕೆಲವರು ಉತ್ತರವನ್ನೇ '25' ಎಂದು ಬರೆಯುತ್ತಾರೆ, ಸೆಂಟಿಮೀಟರನ್ನೇ ಭಿನ್ನರಾಶಿ ಅಂದುಕೊಂಡಿರುತ್ತಾರೆ. ಆಗ ಪಟ್ಟಿಯ ಗುರುತಿಲ್ಲದ ಬೆನ್ನು ತಿರುಗಿಸಿ, 5 ಸೆಂ.ಮೀ.ನ ಒಂದು ತುಂಡು ಕೊಟ್ಟು, ಅದು ಇಡೀ ಪಟ್ಟಿಯಲ್ಲಿ ಎಷ್ಟು ಸಲ ಕೂರುತ್ತದೆ ಎಂದು ಎಣಿಸಲು ಹೇಳುತ್ತೇನೆ. ಆರು ಸಲ. ಕೂಡಿಸಿದ ಉದ್ದದಲ್ಲಿ ಐದು ಸಲ. ಆದ್ದರಿಂದ 5/6. ಇನ್ನು ಕೆಲವರು 25/30 ಬರೆಯುತ್ತಾರೆ. ಅದು ಸರಿಯುತ್ತರ, ಪುಸ್ತಕದ ಹಾಗಿಲ್ಲವೆಂದು ಗೀಚಿಹಾಕಬೇಡಿ. ಸಂಕ್ಷಿಪ್ತ ರೂಪಕ್ಕೆ ಅಲ್ಲಿಂದಲೇ ಹೋಗಬಹುದು. ಎರಡನೆಯ ಲೆಕ್ಕಕ್ಕೆ 1/2 + 1/5 ಕೊಡಿ, 21 ಸೆಂ.ಮೀ., ಅಂದರೆ 7/10.

ಎರಡು ಪೀರಿಯಡ್‌ಗಿಂತ ಹೆಚ್ಚು ಪಟ್ಟಿ ಹಿಡಿದು ಕೂರಬಾರದು. ಏಳನೆಯ ಒಂದು ಭಾಗ ಬಂದೊಡನೆ 30 ಕೈಕೊಡುತ್ತದೆ, ಆಗ ಲ.ಸಾ.ಅ. ಏಕೆ ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲಿನ ಮಕ್ಕಳ ಭಾಷೆಯ ವಿಷಯ. ಮನೆಯಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಅಥವಾ ತುಳು, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿಯೂ ಒಂದು ವಿಷಯ. ಕಾರಣ ಹೇಳುವಾಗ ಯಾವ ಭಾಷೆಯಾದರೂ ಸರಿ, ತಡೆಯಬೇಡಿ. ಹಲಗೆಯ ಮೇಲೆ ಮಾತ್ರ ಅಂಶ, ಛೇದ, ಸಮಚ್ಛೇದ ಎಂದು ಪರೀಕ್ಷೆಯಲ್ಲಿ ಬರುವ ಪದಗಳನ್ನೇ ಬರೆಯಿರಿ. ಬಾಯಿಲೆಕ್ಕದಲ್ಲಿ 45ರ ಬದಲು 54 ಬಂದರೆ ಗಾಬರಿ ಬೇಡ. ಹಿಂದಿ, ಮರಾಠಿ ಎಣಿಕೆಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಸಂಖ್ಯೆಯನ್ನು ಹೇಳುತ್ತಲೇ ಬರೆದುಬಿಡಿ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಮರಾಠಿಯಲ್ಲೂ ಗಣಿತದ ಪುಸ್ತಕ ತರುತ್ತದೆ. ಹಾಗಾಗಿ ಮಹಾನಗರಪಾಲಿಕೆಯ ಕಟ್ಟಡಗಳಲ್ಲಿ ಬೇರೆ ಮಾಧ್ಯಮದ ಶಾಲೆಯೂ ಒಟ್ಟಿಗಿದ್ದರೆ ಅಲ್ಲಿನ ಗಣಿತದ ಟೀಚರ ಹತ್ತಿರ ಹೋಗಿ ಕೇಳಲು ಸಂಕೋಚ ಬೇಡ.

ಜೂನ್, ಜುಲೈ ಮಳೆಯಲ್ಲಿ ಹಲಗೆಗೆ ತೇವ ಹಿಡಿದು ಸೀಮೆಸುಣ್ಣ ಜಾರುತ್ತದೆ, ಒಣಬಟ್ಟೆ ಜೊತೆಗಿರಲಿ. ಪಟ್ಟಿಗಳೂ ಸುರುಳಿಯಾಗುತ್ತವೆ, ಪ್ಲಾಸ್ಟಿಕ್ ಕವರಿನಲ್ಲಿ ದಪ್ಪ ಪುಸ್ತಕದ ಅಡಿ ಇಡಿ. ಫ್ಯಾನಿನ ಗಾಳಿಗೆ ಹಾರದಂತೆ ಕಂಪಾಸ್ ಬಾಕ್ಸನ್ನೇ ತೂಕಕ್ಕಿಟ್ಟರೆ ಸಾಕು.

ಕೊನೆಯ 8 ನಿಮಿಷ ಬಿಟ್ಟಿಡಿ. ಚೀಟಿಯಲ್ಲಿ ಒಂದೇ ಲೆಕ್ಕ, 1/3 + 1/5, ಪಕ್ಕದಲ್ಲಿ 'ಹೇಗೆ?' ಎಂದು ಒಂದು ಸಾಲು. ಸಂಜೆ ಚೀಟಿಗಳನ್ನು ಮೂರು ಗುಂಪು ಮಾಡಿ: 8/15 ಬರೆದವರು, 2/8 ಬರೆದವರು, ಖಾಲಿ ಬಿಟ್ಟವರು. ಮರುದಿನ 2/8 ಬರೆದವರಿಗೆ ಮತ್ತೆ ಪಟ್ಟಿ ಕೊಡಿ, 1/3ರ ತುಂಡು 10, 2/8 ಅಂದರೆ ಕಾಲು ಭಾಗ, ಏಳೂವರೆ. ಖಾಲಿ ಬಿಟ್ಟವರಲ್ಲಿ ಹೆಚ್ಚಿನವರಿಗೆ ಸಂಕಲನಕ್ಕಿಂತ ಮೊದಲು 1/3 ಎಂದರೇನು ಎಂಬಲ್ಲೇ ಅಡ್ಡಿಯಿರುತ್ತದೆ. ಅವರನ್ನು ಮುಂದಿನ ಬೆಂಚಿಗೆ ಕರೆದು, ಇಡೀ ಪಟ್ಟಿಯಿಂದಲೇ ಶುರುಮಾಡಿ. ದೀಪಾವಳಿ ರಜೆಗೆ ಊರಿಗೆ ಹೋಗಿ ತಡವಾಗಿ ಬರುವ ಮಕ್ಕಳಿಗೂ ಇದೇ ಕ್ರಮ. ಅವರಿಗಾಗಿ ನಾಲ್ಕು ಪಟ್ಟಿಯ ಒಂದೊಂದು ಕಟ್ಟು ಕಪಾಟಿನಲ್ಲಿ ಇಟ್ಟಿರಿ.