ಎಲ್‌ಡಿ ಫ್ಲಾಪ್ ಆದವರನ್ನು ಬೇಗ ಎಬ್ಬಿಸಲು ನಾವು ಮಾಡುವುದು

ಕ್ಯಾನ್ಸರಿಗೆ ಸ್ತನ ತೆಗೆದಮೇಲೆ ಬೆನ್ನಿನ ಸ್ನಾಯುವನ್ನು ಕಂಕುಳ ಒಳಗಿಂದ ತಿರುಗಿಸಿ ಎದೆಗೆ ತಂದು ಸ್ತನವನ್ನು ಮತ್ತೆ ರೂಪಿಸುವುದು ಎಲ್‌ಡಿ (ಲ್ಯಾಟಿಸಿಮಸ್ ಡಾರ್ಸೈ ಎಂಬ ಬೆನ್ನಿನ ಸ್ನಾಯು) ಫ್ಲಾಪ್. ಆಪರೇಷನ್ ಆದವರು ಬೇಗ ಚೇತರಿಸಿಕೊಳ್ಳಲೆಂದು ಉಪವಾಸ, ನೋವು, ಓಡಾಟ ಎಲ್ಲವನ್ನೂ ಮೊದಲೇ ಯೋಜಿಸುವ ಕ್ರಮಕ್ಕೆ ಇರಾಸ್ ಎಂದು ಹೆಸರು. ಅದನ್ನು ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಕರುಳಿನ ಆಪರೇಷನ್ನಿಗೆ ರೂಢಿಸಿದರು. ಸ್ತನ ಮರುರಚನೆಗೆ ಇರಾಸ್ ಸೊಸೈಟಿಯ ಶಿಫಾರಸು ಪ್ರಕಟವಾದದ್ದು 2017ರಲ್ಲಿ. ಮಲೆನಾಡಿನಲ್ಲಿ ಅದನ್ನು ಹಾಗ್ಹಾಗೇ ಇಳಿಸಹೊರಟರೆ ಕವಳದ (ಎಲೆಯಡಿಕೆಯ) ಸಂಚಿಯ ಹತ್ತಿರವೇ ಎಡವುತ್ತೇವೆ.

'ಸಿಗರೇಟು, ಬೀಡಿ ಸೇದ್ತೀರಾ?' ಎಂದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಹೆಂಗಸರು ಇಲ್ಲ ಎನ್ನುತ್ತಾರೆ, ಅದು ಸುಳ್ಳಲ್ಲ. ಕೇಳಬೇಕಾದದ್ದು 'ಕವಳಕ್ಕೆ ಹೊಗೆಸೊಪ್ಪು ಹಾಕ್ತೀರೇನಮ್ಮಾ?' ಅಂತ. ನಿಕೋಟಿನ್ ಬಾಯಿಂದ ಹೋದರೂ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಆಮೇಲೆ ಹೊಲಿಗೆಯ ಅಂಚು ಕಪ್ಪಾಗಬಹುದು. ಕನಿಷ್ಠ 4 ವಾರ ಮೊದಲೇ ಬಿಡಿಸುತ್ತೇವೆ.

ಇನ್ನು ಉಪವಾಸ. ಹಗುರ ಊಟಕ್ಕೂ ಅರಿವಳಿಕೆಗೂ ನಡುವೆ 6 ಗಂಟೆ, ತಿಳಿ ನೀರಿಗೆ 2 ಗಂಟೆ ಸಾಕು. ಆದರೆ ಇಲ್ಲಿ 'ಬರೀ ನೀರು' ಎಂದರೆ ಹಾಲು ಹಾಕಿದ ಕಷಾಯವೂ ಅದರಲ್ಲಿ ಸೇರಿಬಿಡುತ್ತದೆ. ಹಾಲು, ಮಜ್ಜಿಗೆ, ಗಂಜಿ ಮೂರೂ 6 ಗಂಟೆಯ ಲೆಕ್ಕ. ಲೋಟದ ಆಚೆ ಹಿಡಿದ ಪೇಪರಿನ ಅಕ್ಷರ ಓದಲು ಬಂದರೆ ಮಾತ್ರ ತಿಳಿ ನೀರು ಎಂದು ತೋರಿಸಿಯೇ ಹೇಳುತ್ತೇವೆ. ಸಕ್ಕರೆ ಕಾಯಿಲೆ ಇಲ್ಲದವರಿಗೆ 400 ಮಿಲಿ ನೀರಿಗೆ 50 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ (ಶಕ್ತಿ ಕೊಡುವ ಪಿಷ್ಟದ ಪುಡಿ) ಕಲಸಿ, 2 ಗಂಟೆ ಮೊದಲು ಕುಡಿದು ಮುಗಿಸಲು ಕೊಡುತ್ತೇವೆ. ಥಿಯೇಟರ್ ಲಿಸ್ಟ್ ತಡವಾದರೆ ವಾರ್ಡಿಗೆ ಫೋನ್ ಹೋಗಲೇಬೇಕು, ಇಲ್ಲದಿದ್ದರೆ 2 ಗಂಟೆಯ ಉಪವಾಸ 8 ಆಗುತ್ತದೆ.

ನೋವಿಗೆ ಪೆಕ್ಸ್ ಬ್ಲಾಕ್, ಅಂದರೆ ಎದೆಯ ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದು: ಎದೆಯ ಎರಡು ಸ್ನಾಯುಗಳ ನಡುವೆ 10 ಮಿಲಿ, ಚಿಕ್ಕದರ ಕೆಳಗೆ 20 ಮಿಲಿ, 0.25% ಬುಪಿವಕೈನ್. ಇದು ಬೆನ್ನಿನ ಗಾಯಕ್ಕೆ ಸಾಲದು. ಅದನ್ನು ಮರೆತರೆ ಎದೆ ಆರಾಮಾಗಿರುತ್ತದೆ, ಬೆನ್ನು ಕಿರುಚುತ್ತದೆ. ಅಲ್ಲಿಗೂ ಔಷಧಿ ಬೇಕು, ಆದರೆ ಒಟ್ಟು ಪ್ರಮಾಣವನ್ನು ತೂಕಕ್ಕೆ ಲೆಕ್ಕ ಹಾಕಿಯೇ. 50 ಕಿಲೋದವರಿಗೆ ಮಿತಿ 125 ಮಿಲಿಗ್ರಾಂ, ಎದೆಗೇ 75 ಮುಗಿದಿರುತ್ತದೆ. ಜೊತೆಗೆ ನಿಗದಿತ ಹೊತ್ತಿಗೆ ತಪ್ಪದೆ ಪ್ಯಾರಾಸಿಟಮಾಲ್. ನೋವು ಬಂದಮೇಲೆ ಕೊಡೋಣ ಎಂದರೆ ಮಾರ್ಫಿನ್ ಬೇಕಾಗಿ, ವಾಂತಿ ಶುರುವಾಗುತ್ತದೆ.

ಮೊದಲ ದಿನ ಗಂಟೆಗೊಮ್ಮೆ ಫ್ಲಾಪ್ ನೋಡುತ್ತೇವೆ. ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ 2–3 ಸೆಕೆಂಡಿನಲ್ಲಿ ಮರಳಬೇಕು. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ. ನೇರಳೆಯಾಗಿ, ಒತ್ತಿದ ತಕ್ಷಣವೇ ಬಣ್ಣ ಮರಳಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ಆಪರೇಷನ್ ಆದ ಕೈಯನ್ನು ದೇಹಕ್ಕೆ ಒತ್ತಿ ಕಟ್ಟಿದರೆ ಕಂಕುಳಲ್ಲಿರುವ ರಕ್ತನಾಳ ಜಜ್ಜಿಹೋದೀತು. ಮಳೆಗಾಲದ ಚಳಿಗೆ ಮನೆಯವರು ಶಾಲನ್ನು ಬಿಗಿಯಾಗಿ ಸುತ್ತುವುದೂ ಅಷ್ಟೇ ಕೆಟ್ಟದ್ದು. ಕಂಬಳಿ ಮೇಲೆ ಹೊದಿಸಿದರೆ ಸಾಕು.

ಸಂಜೆಗೇ ಗಂಜಿ, ಮರುದಿನ ಬೆಳಿಗ್ಗೆ ಕುರ್ಚಿ, ಮಧ್ಯಾಹ್ನ ಕಾರಿಡಾರು.

ಬೆನ್ನಿನ ಡ್ರೈನ್‌ದೇ (ಗಾಯದ ನೀರನ್ನು ಬಾಟಲಿಗೆ ಎಳೆಯುವ ಕೊಳವೆ) ದೊಡ್ಡ ತಲೆನೋವು. ಸ್ನಾಯು ಎತ್ತಿದ ಜಾಗದಲ್ಲಿ ನೀರು ತುಂಬುತ್ತದೆ, ಹೀಗಾಗಿ ಡ್ರೈನ್ ಇಟ್ಟುಕೊಂಡೇ ಊರಿಗೆ ಹೋಗುತ್ತಾರೆ. ಬಿಡುಗಡೆಗೆ ಮೊದಲು ಮಗಳೋ ಸೊಸೆಯೋ ನಮ್ಮೆದುರೇ ಬಾಟಲಿ ಖಾಲಿ ಮಾಡಿ, ಪೂರ್ತಿ ಅಮುಕಿ, ಹಾಗೇ ಹಿಡಿದು ಮುಚ್ಚಳ ಹಾಕಿ ತೋರಿಸಬೇಕು. ಉಬ್ಬಿದ ಬಾಟಲಿ ಎಳೆಯುವುದಿಲ್ಲ. ಆಗ ಬರುವ '10 ಮಿಲಿ' ಮೋಸದ ಲೆಕ್ಕ, ನೀರೆಲ್ಲ ಚರ್ಮದಡಿ ಇರುತ್ತದೆ. ದಿನಕ್ಕೆ 30 ಮಿಲಿಗಿಂತ ಕಡಿಮೆ, ಎರಡು ದಿನ ಸತತ ಬಂದರೆ ತೆಗೆಯುತ್ತೇವೆ. ಅಳತೆಯ ಫೋಟೋ ಕಳಿಸುವಾಗ ಬಾಟಲಿಯ ಆಕಾರವೂ ಕಾಣಬೇಕು ಎಂದಿರುತ್ತೇವೆ.