ಮೊದಲು ಒಂದೇ ಸಂದರ್ಶನ, ಆಮೇಲೆ ಸಿನಾಪ್ಸಿಸ್: ರಕ್ಷಣಾ ತಂತ್ರಗಳ ಬೆನ್ನುಹತ್ತಿದ ನನ್ನ ಅನುಭವ

ಡಯಾಲಿಸಿಸ್‌ಗೆ ಬರುವ ರೋಗಿಗಳ ಮನೆಯವರು ತಮ್ಮ ಭಯವನ್ನು ಯಾವ ಯಾವ ರಕ್ಷಣಾ ತಂತ್ರಗಳಿಂದ, ಅಂದರೆ ಸಂಕಟವನ್ನು ದೂರವಿಡಲು ಮನಸ್ಸು ಹೆಚ್ಚಾಗಿ ತನಗರಿವಿಲ್ಲದೆಯೇ ಹೂಡುವ ಉಪಾಯಗಳಿಂದ, ತಡೆದುಕೊಳ್ಳುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯವಾಗಿತ್ತು. ಕಳೆದ ವರ್ಷ ವೈವಾ (ಮೌಖಿಕ ಪರೀಕ್ಷೆ) ಮುಗಿದು ಪದವಿ ಕೈಗೆ ಬಂತು. ಪ್ರಬಂಧದಲ್ಲಿರುವುದು 34 ಜನರ ಮಾತು ಮಾತ್ರ. ‘ಮೂವತ್ತು ಚಿಲ್ಲರೆ ಜನರನ್ನು ಇಟ್ಟುಕೊಂಡು ಪಿಎಚ್‌ಡಿ ಆಗುತ್ತದೆಯೇ?’ ಎಂದು ನಮ್ಮ ವಿಭಾಗದಲ್ಲಿ ಕೇಳದವರಿರಲಿಲ್ಲ. ಆಯಿತು, ಅದೂ ತಿದ್ದುಪಡಿಯ ಸೂಚನೆ ಒಂದೂ ಇಲ್ಲದೆ ಆಯಿತು. ಇದೇ ಕ್ಷೇತ್ರಕ್ಕೆ ಕಾಲಿಡುತ್ತಿರುವವರು ನನ್ನಂತೆ ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳಬಾರದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಯೋಜನೆ ಎಲ್ಲರೂ ಹಾಕುವಂಥದ್ದೇ ಆಗಿತ್ತು. ಆಂಡ್ರ್ಯೂಸ್, ಸಿಂಗ್ ಮತ್ತು ಬಾಂಡ್ 1993ರಲ್ಲಿ ಕೊಟ್ಟ, ರಕ್ಷಣಾ ತಂತ್ರಗಳನ್ನು ಅಳೆಯುವ 40 ಹೇಳಿಕೆಗಳ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು, ಅದರ ಜೊತೆಗೆ ಆರೈಕೆಯ ಹೊರೆಯನ್ನು ಅಳೆಯುವ 22 ಪ್ರಶ್ನೆಗಳ ಜ಼ಾರಿಟ್ ಮಾಪನವನ್ನು ಸೇರಿಸುವುದು, 300 ಜನರಿಂದ ತುಂಬಿಸಿಕೊಂಡು ಎರಡರ ನಡುವಿನ ಸಹಸಂಬಂಧ ತೆಗೆಯುವುದು. ಅನುವಾದಕ್ಕೆ ಇಬ್ಬರು, ಹಿಮ್ಮರಳಿ ಇಂಗ್ಲಿಷ್‌ಗೆ ತರಲು ಮತ್ತೊಬ್ಬರು, ಮುದ್ರಣ, ಓಡಾಟ ಎಲ್ಲವೂ ಸೇರಿ ಸುಮಾರು 38,000 ರೂಪಾಯಿ ಖರ್ಚಾಯಿತು. ನಾನಾಗ ಅತಿಥಿ ಉಪನ್ಯಾಸಕಿಯಾಗಿದ್ದೆ, ಫೆಲೋಶಿಪ್ ಇರಲಿಲ್ಲ. ಅಷ್ಟು ಹಣ ಹೊಂದಿಸಲು ಒಂದು ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಬೇಕಾಯಿತು.

ಫಾರಂಗಳು 210ರಷ್ಟು ವಾಪಸು ಬಂದವು. ಅವುಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಫಾರಂಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಗುರುತು ಬಿದ್ದಿತ್ತು. ಉಳಿದವರು ಒಂಬತ್ತು ಅಂಕಗಳ ಮಾಪನದಲ್ಲಿ 1, 5, 9 ಈ ಮೂರನ್ನು ಬಿಟ್ಟು ಬೇರೆ ಅಂಕವನ್ನು ಮುಟ್ಟಿರಲಿಲ್ಲ. ಇತರರಿಗೆ ನೆರವಾಗುವುದರಲ್ಲಿ ತೃಪ್ತಿ ಸಿಗುತ್ತದೆಯೇ ಎಂಬ ಧಾಟಿಯ ಹೇಳಿಕೆಗೆ ಬಹುತೇಕ ಎಲ್ಲರೂ 9 ಹಾಕಿದ್ದರು, ಏಕೆಂದರೆ ನಮ್ಮಲ್ಲಿ ಅದಕ್ಕೆ ಬೇರೆ ಉತ್ತರ ಕೊಡುವುದು ಮರ್ಯಾದೆಯಲ್ಲ. ಈ ಪ್ರಶ್ನಾವಳಿಯಲ್ಲಿ 20 ರಕ್ಷಣಾ ತಂತ್ರಗಳಿಗೆ ತಲಾ ಎರಡೇ ಹೇಳಿಕೆಗಳಿರುವುದರಿಂದ ಬಿಡಿ ತಂತ್ರಗಳ ವಿಶ್ವಾಸಾರ್ಹತೆ ಮೊದಲೇ ಕಡಿಮೆ. ನನ್ನ ದತ್ತಾಂಶದಲ್ಲಿ ನಿರಾಕರಣೆಯ (ಕಣ್ಣೆದುರಿನ ಸತ್ಯವನ್ನು ಒಪ್ಪದಿರುವುದರ) ಆಲ್ಫಾ, ಅಂದರೆ ಅದರ ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, 0.3ರ ಆಸುಪಾಸಿನಲ್ಲಿ ನಿಂತಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ತನಗೇ ಗೊತ್ತಿಲ್ಲದಂತೆ ಮನಸ್ಸು ಮಾಡುವ ಕೆಲಸವನ್ನು ಅದೇ ಮನುಷ್ಯನಿಂದ ಟಿಕ್ ಹಾಕಿಸಿ ತಿಳಿಯಲು ನಾನು ಹೊರಟಿದ್ದೆ. ಒಂದೂವರೆ ವರ್ಷ ಹೀಗೆ ಹೋಯಿತು. ಅರ್ಧವಾರ್ಷಿಕ ಪ್ರಗತಿ ವರದಿಯಲ್ಲಿ ಬರೆಯಲು ಏನೂ ಇಲ್ಲದೆ, ಮನೋವಿಶ್ಲೇಷಕಿ ಅನ್ನಾ ಫ್ರಾಯ್ಡ್ ಈ ತಂತ್ರಗಳ ಬಗ್ಗೆ 1936ರಲ್ಲಿ ಹೇಳಿದ್ದನ್ನೇ ಮೂರನೇ ಬಾರಿಗೆ ಹಿಗ್ಗಿಸಿ ಬರೆದೆ.

ದಾರಿ ತೆರೆದದ್ದು ಡಯಾಲಿಸಿಸ್ ಘಟಕದ ಹೊರಗಿನ ಬೆಂಚಿನ ಮೇಲೆ. ಒಂದು ಸರದಿಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ, ವಾರಕ್ಕೆ ಎರಡು ಅಥವಾ ಮೂರು ಸಲ ಬರಬೇಕು, ಜೊತೆಗೆ ಬಂದವರಿಗೆ ಕಾಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಫಾರಂ ಮರಳಿ ಪಡೆಯಲು ಹೋದವಳು ಒಬ್ಬ ತಾಯಿಯ ಪಕ್ಕ ಕುಳಿತೆ. ಕೇಳದೆಯೇ ಅವರು ಮಾತಾಡಿದ ಆ ನಲವತ್ತು ನಿಮಿಷಗಳಲ್ಲಿ ನಾನು 210 ಫಾರಂಗಳಲ್ಲಿ ಹುಡುಕಿ ಸೋತದ್ದೆಲ್ಲವೂ ಇತ್ತು. ಮುಂದಿನ ವಾರ ನೈತಿಕ ಸಮಿತಿಗೆ ಪರಿಷ್ಕೃತ ಅರ್ಜಿ ಹಾಕಿದೆ. ಅನುಮತಿ ಬರಲು ನಾಲ್ಕು ತಿಂಗಳು ಹಿಡಿಯಿತು.

ಅನುಮತಿ ಬಂದ ಮೇಲೆ ನಾನು ಮಾಡಿದ ಕೆಲಸವನ್ನು ಹಿರಿಯರು ಯಾರೂ ಒಪ್ಪಲಿಲ್ಲ. ಒಂದೇ ಒಂದು ಸಂದರ್ಶನವನ್ನು ಧ್ವನಿಮುದ್ರಿಸಿಕೊಂಡು, ಅದನ್ನು ಅಕ್ಷರಕ್ಕಿಳಿಸಿ, ಅಂಕ ಹಾಕಿ, ಕೋಷ್ಟಕ ಮಾಡಿ, ಪ್ರಬಂಧದಲ್ಲಿ ಹೇಗೆ ಬರುತ್ತದೆಯೋ ಹಾಗೆಯೇ ಎಂಟು ಪುಟ ಬರೆದು ಮುಗಿಸಿದೆ. ಆಮೇಲಷ್ಟೇ ಹೊಸ ಸಿನಾಪ್ಸಿಸ್‌ಗೆ (ಸಂಶೋಧನಾ ಯೋಜನೆಯ ಸಾರಾಂಶಕ್ಕೆ) ಕೈ ಹಾಕಿದೆ. ಒಂದು ಸಂದರ್ಶನವನ್ನು ಕೊನೆ ಮುಟ್ಟಿಸಲು ನನಗೆ ಹಿಡಿದದ್ದು ಹತ್ತಿರ ಹತ್ತಿರ 26 ಗಂಟೆ. ನೌಕರಿಯ ಜೊತೆ ವಾರಕ್ಕೆ ಹತ್ತು ಗಂಟೆ ಸಿಕ್ಕರೆ ಹೆಚ್ಚು. ಆ ಲೆಕ್ಕದಲ್ಲಿ ಎರಡು ವರ್ಷಕ್ಕೆ ನಲವತ್ತು ಸಂದರ್ಶನಗಳನ್ನು ದಾಟಲಾಗದು ಎಂಬುದು ಕಾಗದದ ಮೇಲೆ ಕಂಡಿತು. ಮಾದರಿಯ ಗಾತ್ರ ನನಗೆ ಬಂದದ್ದು ಹೀಗೆ. ಸಿನಾಪ್ಸಿಸ್ ನೋಡುವ ಸಮಿತಿಯ ಮುಂದೆ ಈ ಎಂಟು ಪುಟಗಳನ್ನೇ ಇಟ್ಟಾಗ, 300ರಿಂದ 34ಕ್ಕೆ ಏಕೆ ಇಳಿದಿರಿ ಎಂಬ ಪ್ರಶ್ನೆ ಎರಡು ನಿಮಿಷಕ್ಕಿಂತ ಹೆಚ್ಚು ಉಳಿಯಲಿಲ್ಲ.

ಅಂಕ ಹಾಕಲು, ಮಾತಿನಲ್ಲಿ ಕಾಣುವ ರಕ್ಷಣಾ ತಂತ್ರಗಳನ್ನು ಗುರುತಿಸುವ, ಮನೋವೈದ್ಯ ಕ್ರಿಸ್ಟಫರ್ ಪೆರಿಯವರ ಮಾಪನವನ್ನು ಹಿಡಿದೆ. ಅದರಲ್ಲಿ ತಂತ್ರಗಳನ್ನು ಏಳು ಸ್ತರಗಳಲ್ಲಿ ಜೋಡಿಸಲಾಗಿದೆ: ಕೆಳಗಿನ ಸ್ತರದಲ್ಲಿ ಸಂಕಟವನ್ನು ನೇರವಾಗಿ ಕೃತಿಗಿಳಿಸುವುದು, ಮೂರನೆಯದರಲ್ಲಿ ನಿರಾಕರಣೆ ಮತ್ತು ಪ್ರಕ್ಷೇಪಣೆ (ತನ್ನ ಭಾವನೆಯನ್ನು ಬೇರೆಯವರ ಮೇಲೆ ಹೊರಿಸುವುದು), ಆರನೆಯದರಲ್ಲಿ ಬೌದ್ಧಿಕೀಕರಣ (ಭಾವನೆಯನ್ನು ಬರೀ ವಿಚಾರವಾಗಿಸುವುದು), ಏಳನೆಯದರಲ್ಲಿ ಪರಹಿತ, ಹಾಸ್ಯ, ಉದಾತ್ತೀಕರಣ (ಸಂಕಟವನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸುವುದು). ಮಾತಿನಲ್ಲಿ ಕಂಡ ಪ್ರತಿ ಸಂದರ್ಭಕ್ಕೂ ಅದರ ಸ್ತರದ ಅಂಕ ಕೊಟ್ಟು ಸರಾಸರಿ ತೆಗೆದರೆ ಒಬ್ಬ ವ್ಯಕ್ತಿಗೆ 1ರಿಂದ 7ರೊಳಗಿನ ಒಂದು ಸಂಖ್ಯೆ ಸಿಗುತ್ತದೆ. ಸಂಖ್ಯೆ ಬೇಕೆನ್ನುವ ಪರೀಕ್ಷಕರಿಗೂ ಇದರಿಂದ ಸಮಾಧಾನವಾಗುತ್ತದೆ.

ಮೊದಲ ಆರು ಸಂದರ್ಶನಗಳಲ್ಲಿ ನನಗೂ, ಅವಕ್ಕೇ ಬೇರೆಯಾಗಿ ಅಂಕ ಹಾಕುತ್ತಿದ್ದ ಇನ್ನೊಬ್ಬರಿಗೂ ಹೊಂದಾಣಿಕೆಯೇ ಆಗಲಿಲ್ಲ; ಕಪ್ಪಾ, ಅಂದರೆ ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ (1 ಎಂದರೆ ಪೂರ್ಣ ಹೊಂದಾಣಿಕೆ), 0.45ರ ಸುತ್ತ ಇತ್ತು. ಮೂಲ ಹುಡುಕಿದಾಗ ದೋಷ ಸಿಕ್ಕಿದ್ದು ಪಾರಿಭಾಷಿಕ ಪದದಲ್ಲಿ. ನಾವಿಬ್ಬರೂ ಓದಿದ ಪಠ್ಯಗಳಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳಿಗೆ ‘ದಮನ’ ಎಂಬ ಒಂದೇ ಪದವಿತ್ತು. ‘ಅದನ್ನ ಈಗ ಯೋಚನೆ ಮಾಡಲ್ಲ ಮೇಡಂ, ಮನೆಗೆ ಹೋದಮೇಲೆ ನೋಡ್ಕಂತೀನಿ’ ಎನ್ನುವವರು ತಿಳಿದೇ ಬದಿಗಿಡುತ್ತಾರೆ. ಅದು ಏಳನೆಯ ಸ್ತರ. ‘ಡಾಕ್ಟ್ರು ಹೇಳಿದ ದಿನದ್ದು ಏನೂ ನೆನಪಿಗೆ ಬರಂಗಿಲ್ಲ’ ಎನ್ನುವವರಲ್ಲಿ ಮನಸ್ಸು ತಾನಾಗಿಯೇ ಮುಚ್ಚಿಕೊಂಡಿದೆ, ಅದು ಐದನೆಯದು. ಮೊದಲನೆಯದಕ್ಕೆ ನಿಗ್ರಹ, ಎರಡನೆಯದಕ್ಕೆ ದಮನ ಎಂದು ಬೇರ್ಪಡಿಸಿ ಕನ್ನಡದ ಉದಾಹರಣೆಗಳನ್ನೇ ಬರೆದಿಟ್ಟುಕೊಂಡೆವು. ಕೊನೆಯ ಹತ್ತು ಸಂದರ್ಶನಗಳ ಹೊತ್ತಿಗೆ ಕಪ್ಪಾ 0.75 ದಾಟಿತ್ತು.

ನಿರಾಕರಣೆ ಇದಕ್ಕಿಂತ ಕಠಿಣವಾಗಿತ್ತು. ಅಣ್ಣನನ್ನು ಕರೆತರುತ್ತಿದ್ದ ಒಬ್ಬ ತಮ್ಮ, ಪ್ರತಿ ಭೇಟಿಯಲ್ಲೂ ‘ನಮ್ಮಣ್ಣಂಗೆ ಏನೂ ಆಗಿಲ್ಲ, ಮೈಯಾಗೆ ಒಂಚೂರು ನೀರು ತುಂಬೈತೆ ಅಷ್ಟೆ’ ಎಂದೇ ಹೇಳುತ್ತಿದ್ದರು. ಪುಸ್ತಕದ ಪ್ರಕಾರ ಇದು ಅಚ್ಚುಕಟ್ಟಾದ ನಿರಾಕರಣೆ. ಆದರೆ ಅವರ ಚೀಲದಲ್ಲಿ ಒಂದು ಸಣ್ಣ ಸ್ಟೀಲ್ ಚೊಂಬಿತ್ತು, ಅದರ ಒಳಗೆ ಮೊಳೆಯಿಂದ ಗೀರಿದ ಗುರುತಿತ್ತು. ಅಣ್ಣನಿಗೆ ದಿನಕ್ಕೆ ಆ ಗುರುತಿನವರೆಗೆ ಎಷ್ಟು ಸಲ ನೀರು ಕೊಡಬಹುದೆಂಬ ಲೆಕ್ಕವನ್ನು ಅವರು ಬೀಡಿಕಟ್ಟಿನ ಹಿಂಬದಿಯಲ್ಲಿ ಗೀಟು ಹಾಕಿ ಇಡುತ್ತಿದ್ದರು. ಎರಡು ಸರದಿಗಳ ನಡುವೆ ನೀರು ಹೆಚ್ಚಾಗಿ ಅಣ್ಣನ ತೂಕ ಮಿತಿ ಮೀರಿದ್ದೇ ಇಲ್ಲವೆಂದು ಘಟಕದ ಚಾರ್ಟೂ ಹೇಳುತ್ತಿತ್ತು. ಬಾಯಿ ಒಪ್ಪದಿದ್ದುದನ್ನು ಕೈ ಒಪ್ಪಿಕೊಂಡಿತ್ತು. ಎರಡು ದಿನ ವಾದಿಸಿದ ಮೇಲೆ, ಮಾತಿಗೊಂದು ಕಲಂ, ಕೃತಿಗೊಂದು ಕಲಂ ಎಂದು ಅಂಕಪಟ್ಟಿಯನ್ನೇ ಬದಲಿಸಿದೆವು. ‘ಎಲ್ಲಾ ದೇವರಿಚ್ಛೆ’ ಎಂಬ ಮಾತನ್ನೂ ಹೀಗೆಯೇ ತೂಗಿದೆವು: ಹಾಗೆಂದು ಹೇಳಿ ಸರದಿ ತಪ್ಪಿಸುವವರು ಬೇರೆ, ಹಾಗೆಂದು ಹೇಳಿಯೇ ಬೆಳಗಿನ ಐದರ ಬಸ್ಸು ಹಿಡಿಯುವವರು ಬೇರೆ. ಈ ಎರಡನೇ ಕಲಂ ನನ್ನದೇ ಸೇರ್ಪಡೆ. ವೈವಾದಲ್ಲಿ ಪರೀಕ್ಷಕರು ಅತಿ ಹೆಚ್ಚು ಹೊತ್ತು ನಿಂತದ್ದೂ ಅದರ ಮೇಲೆಯೇ ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಿತ್ರ ತೋರಿಸಿ ಕಥೆ ಹೇಳಿಸಿ, ಅದರಲ್ಲಿ ನಿರಾಕರಣೆ, ಪ್ರಕ್ಷೇಪಣೆ, ತಾದಾತ್ಮ್ಯ (ಇನ್ನೊಬ್ಬರ ಗುಣವನ್ನು ತನ್ನದಾಗಿಸಿಕೊಳ್ಳುವುದು) ಇವುಗಳನ್ನು ಗುರುತಿಸುವ, ಮನೋವಿಜ್ಞಾನಿ ಫೀಬಿ ಕ್ರೇಮರ್ ಅವರ ವಿಧಾನವನ್ನು ಏಳು ಜನರ ಮೇಲೆ ಪ್ರಯತ್ನಿಸಿದೆ. ಆಸ್ಪತ್ರೆಯ ಬೆಂಚಿನಲ್ಲಿ ಚಿತ್ರ ಕಂಡವರು ಇದು ಇನ್ನೊಂದು ತಪಾಸಣೆಯೆಂದು ಭಾವಿಸಿ, ಸರಿಯುತ್ತರ ಯಾವುದೆಂದು ನನ್ನನ್ನೇ ಕೇಳಿದರು, ಅಲ್ಲಿಗೇ ನಿಲ್ಲಿಸಿದೆ. ಒಂಬತ್ತು ಅಂಕಗಳ ಬದಲು ಒಂಬತ್ತು ಮೆಟ್ಟಿಲಿನ ಏಣಿಯ ಚಿತ್ರ ಕೊಟ್ಟಾಗ ಮಾತ್ರ ನಡುವಿನ ಅಂಕಗಳೂ ಬರತೊಡಗಿದವು. ಪ್ರಶ್ನಾವಳಿಯನ್ನು ಬಿಡಲಾಗದವರು ಅದನ್ನು ಪ್ರಯತ್ನಿಸಬಹುದು.

ಸಮ್ಮತಿ ಪತ್ರಕ್ಕೆ ಸಹಿ ಕೇಳಿದೊಡನೆ ಹನ್ನೊಂದು ಜನ ಎದ್ದು ಹೋದರು. ಆಸ್ಪತ್ರೆಯಲ್ಲಿ ಸಹಿ ಎಂದರೆ ಕೆಟ್ಟ ಸುದ್ದಿ ಎಂದೇ ಅವರಿಗೆ ರೂಢಿಯಾಗಿತ್ತು. ಮೊದಲ ದಿನ ಪತ್ರವನ್ನು ಓದಿ ಹೇಳಿ ಮನೆಗೆ ಕೊಟ್ಟು ಕಳುಹಿಸಿ, ಮುಂದಿನ ಸರದಿಗೆ ಬಂದಾಗ ಸಹಿ ಪಡೆಯುವ ಪದ್ಧತಿ ಮಾಡಿದ ಮೇಲೆ ಯಾರೂ ಹೋಗಲಿಲ್ಲ. ನೀರು ಶುದ್ಧೀಕರಿಸುವ ಯಂತ್ರದ ಕೋಣೆಯ ಗೋಡೆಗೆ ಒರಗಿ ಕುಳಿತು ಧ್ವನಿಮುದ್ರಿಸಿದ ಮೂರು ಸಂದರ್ಶನಗಳು ಬರೀ ಗುಂಯ್‌ಗುಟ್ಟುವ ಸದ್ದಾಗಿ ಉಳಿದವು. ಮಾತಿನ ನಡುವೆ ಕುಸಿದವರಿಗಾಗಿ ಆಪ್ತಸಮಾಲೋಚಕರೊಬ್ಬರ ಜೊತೆ ಮೊದಲೇ ಮಾತಾಡಿಟ್ಟುಕೊಂಡಿದ್ದೆ. ನಾಲ್ವರನ್ನು ಅವರ ಬಳಿಗೆ ಕಳುಹಿಸಿದೆ. ಈ ಏರ್ಪಾಡಿಲ್ಲದೆ ಯಾರೂ ಇಂಥ ಸಂದರ್ಶನಕ್ಕೆ ಕೂರಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಎರಡನೇ ಸುತ್ತಿನ ಖರ್ಚು ಒಟ್ಟು 31,000ದಷ್ಟಾಯಿತು: ಅಕ್ಷರಕ್ಕಿಳಿಸಲು ಗಂಟೆಯ ಧ್ವನಿಗೆ 400ರಂತೆ ಸುಮಾರು 11,000, ಅಂಕ ಹಾಕಿದ ಇನ್ನೊಬ್ಬರ ಗೌರವಧನ 10,000, ಉಳಿದದ್ದು ಬಸ್ಸು, ಚಹಾ ಮತ್ತು ರೆಕಾರ್ಡರ್. ಮೊದಲ ಸುತ್ತಿನಲ್ಲಿ ಕಳೆದುಕೊಂಡದ್ದಕ್ಕಿಂತ ಇದು ಕಡಿಮೆ.

ಎರಡು ಕಲಂಗಳ ಅಂಕಪಟ್ಟಿ ಮತ್ತು ಕನ್ನಡದ ಉದಾಹರಣೆಗಳು ಕೇಳಿದವರಿಗೆ ಸಿಗುತ್ತವೆ. ಈಗಾಗಲೇ ಇಬ್ಬರು ವಿದ್ಯಾರ್ಥಿನಿಯರು ಒಯ್ದಿದ್ದಾರೆ. ಬೆಂಚಿನ ಮೇಲೆ ಕುಳಿತೊಡನೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯನ್ನು ಮಾತ್ರ, ಅದರ ಮೇಲಿನ ಲೇಖನ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.